ಹನ್ನೊಂದನೇ ಚಿತ್ರದಲ್ಲಿ ಕುಳಿತಿದ್ದ ಹೆಂಗಸು

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿಹೋದ ಮುತ್ತಜ್ಜ, ಇಂಥ ಮಾತು ಯಾರಾದರೂ ತೆಗೆದರೆ ನಾನು ಮೊದಲು ಕೇಳುತ್ತಿದ್ದದ್ದು ‘ಅವತ್ತು ಊಟಕ್ಕೆ ಏನು ಮಾಡಿದ್ರಿ?’ ಎಂದು. ಅರ್ಧದಷ್ಟು ಭೂತಗಳು ಹುಟ್ಟುವುದು ಅಜೀರ್ಣದಿಂದ, ಉಳಿದರ್ಧ ಕೆಲಸವಿಲ್ಲದವರ ಬಾಯಿಂದ ಎಂದು ನಂಬಿದವನು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿಯೇ ಆಯುಷ್ಯ ಕಳೆದೆ. ಹೆಂಡತಿ ಬೆಕ್ಕು ಅಡ್ಡ ಬಂತೆಂದು ನಿಂತರೆ, ಬೆಕ್ಕಿಗೂ ಎಲ್ಲಿಗೋ ಹೋಗುವ ಅವಸರವಿರುತ್ತದೆ ಎಂದು ರೇಗಿಸುತ್ತಿದ್ದೆ. ಅಂಥವನು ಇವತ್ತು ಇದನ್ನು ಬರೆಯಲು ಕುಳಿತಿದ್ದೇನೆ. ನಗುವವರು ಧಾರಾಳವಾಗಿ ನಗಬಹುದು. ಬೇರೆಯವರ ಕತೆಯಾಗಿದ್ದರೆ ನಾನೂ ನಗುತ್ತಿದ್ದೆ.

ಇದು ಎಂಬತ್ತರ ದಶಕದ ಶುರುವಿನ ಮಾತು. ಆಗ ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ನಾನು ಚನ್ನಗಿರಿಯಲ್ಲಿ ಮೇಷ್ಟ್ರಾಗಿದ್ದೆ. ನನ್ನ ಅಕ್ಕ ಗಿರಿಜಕ್ಕನನ್ನು ಹೊನ್ನಾಳಿಗೆ ಕೊಟ್ಟಿತ್ತು. ಭಾವ ಅಲ್ಲಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ತಾಯಿಯಿಲ್ಲದ ನನ್ನನ್ನು ಸಾಕಿ, ಓದಿಸಿ, ಮೇಷ್ಟ್ರ ಕುರ್ಚಿಯಲ್ಲಿ ಕೂರಿಸಿದವರು ಇವರಿಬ್ಬರೇ. ಆದ್ದರಿಂದ ಇವರ ಬಗ್ಗೆ ಬರೆಯುವಾಗ ನನ್ನ ಕೈ ಸ್ವಲ್ಪ ಮೆತ್ತಗಾದರೆ ಓದುಗರು ಸಹಿಸಿಕೊಳ್ಳಬೇಕು.

ಭಾವ ಬಹಳ ಒಳ್ಳೆಯ ಮನುಷ್ಯ, ಎತ್ತರದ ದನಿಯಲ್ಲಿ ಮಾತಾಡಿದ್ದನ್ನೇ ನಾನು ಕೇಳಿಲ್ಲ. ಊರಿನ ಅರ್ಧ ಅಂಗಡಿಗಳ ಬೋರ್ಡು ಅವರ ಕೈಯವು. ಒಬ್ಬಳೇ ಮಗಳ ಮದುವೆ ಮಾಡಿ ಕಳಿಸಿದ ವರ್ಷ ಅವರಿಗೆ ಧ್ಯಾನದ ಗೀಳು ಹತ್ತಿತು. ಬೆಳಗ್ಗೆ ನಡುಮನೆಯಲ್ಲಿ ಕಣ್ಣು ಮುಚ್ಚಿ ಕೂತರೆ ಶಾಲೆಯ ಹೊತ್ತಿನವರೆಗೂ ಏಳುತ್ತಿರಲಿಲ್ಲ. ಎದ್ದ ಮೇಲೆ ಚಿತ್ರ. ಬಣ್ಣ ಯಾವುದು ಗೊತ್ತೇ? ಅಡಿಕೆ ಬೇಯಿಸಿದ ಚೊಗರು. ನಮ್ಮ ಕಡೆ ಅಡಿಕೆ ಬೇಯಿಸಿದ ಕೆಂಪು ನೀರನ್ನು ಚೆಲ್ಲುವುದಿಲ್ಲ; ಮಂದವಾಗಿಸಿ ಇಟ್ಟುಕೊಂಡು ಅಡಿಕೆಗೆ ಬಣ್ಣ ಕೊಡಲು ಬಳಸುತ್ತಾರೆ. ಭಾವ ಅದನ್ನು ಡಬ್ಬಿಗಟ್ಟಲೆ ತಂದು, ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಪದರದ ಮೇಲೆ ಪದರ ಬಳಿಯುತ್ತಿದ್ದರು. ಮನುಷ್ಯ, ಮರ, ಮನೆ ಒಂದೂ ಇಲ್ಲ. ಬರೀ ಕಂದು, ಕೆಂಪು, ಕಪ್ಪು. ಅದು ಮನಸ್ಸಿನ ಚಿತ್ರವಂತೆ.

ಅಕ್ಕ ನಾನು ಹೋದಾಗಲೆಲ್ಲ ಗೋಳಾಡುತ್ತಿದ್ದಳು. “ಬಡಿಸಿದ್ರೆ ತಿಂತಾರೆ, ಬಡಿಸದಿದ್ರೆ ಕೇಳಲ್ಲ. ಗೋಡೆ ಜೊತೆ ಬಾಳುವೆ ಮಾಡಿದಂಗಾಗೈತೆ ಕಣೋ. ಸಂಸಾರ ಸಾಕಾಗೈತೆ ಅಂದ್ರೆ ಬಾಯಿಬಿಟ್ಟು ಹೇಳಾಕೆ ಏನು ಧಾಡಿ ಇವರಿಗೆ?” ನಾನು ಎಲ್ಲ ಸರಿಹೋಗುತ್ತದೆ ಬಿಡು ಎಂದು ಕಾಫಿ ಕುಡಿದು ಬಸ್ಸು ಹತ್ತುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ವರ್ಷ ದಸರಾ ರಜೆಯಲ್ಲಿ ನಮ್ಮ ಶಾಲೆಯ ಹಾಲ್ ಖಾಲಿಯಿತ್ತು. ಹೆಡ್‌ಮಾಸ್ಟರರ ಕೈಕಾಲು ಹಿಡಿದು ಐದು ದಿನಕ್ಕೆ ಕೇಳಿ ಪಡೆದು, ಭಾವನ ಚಿತ್ರಪ್ರದರ್ಶನ ಏರ್ಪಾಡು ಮಾಡಿದೆ. ಚಿತ್ರಗಳು ಹನ್ನೊಂದು. ಭಾವ ಒಂದು ಕ್ರಮ ಹಾಕಿದ್ದರು: ಪ್ರತಿ ಚಿತ್ರದ ಎದುರು ಒಂದು ಚಾಪೆ, ನೋಡುವವರು ಹತ್ತು ನಿಮಿಷ ಸುಮ್ಮನೆ ಕೂತು ನೋಡಿ, ಏನು ಕಂಡಿತೋ ಅದನ್ನು ನೋಟುಬುಕ್ಕಿನಲ್ಲಿ ಬರೆಯಬೇಕು. ಬರೆಯಲು ಬಾರದವರು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ ನನ್ನದು.

ಚನ್ನಗಿರಿಯಲ್ಲಿ ಅಂಥದ್ದೊಂದನ್ನು ಯಾರೂ ಕಂಡಿರಲಿಲ್ಲ. ಜನ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈಮುಗಿದು ಒಳಗೆ ಬಂದರು. ಒಬ್ಬ ತಾಯಿ ನಾಲ್ಕನೇ ಚಿತ್ರಕ್ಕೆ ಊದುಬತ್ತಿ ಬೆಳಗಿ, ತೀರ್ಥ ಎಲ್ಲಿ ಕೊಡ್ತೀರಿ ಎಂದು ನನ್ನನ್ನೇ ಕೇಳಿದಳು. ಬಟ್ಟೆಗೆ ಕಿಡಿ ತಾಗೀತೆಂದು ಭಾವ ಓಡಿ ಬಂದರು. ಅಡಿಕೆ ವ್ಯಾಪಾರಿಗಳದ್ದು ಇನ್ನೊಂದು ರೀತಿ. ಅವರು ಚಾಪೆಯ ಮೇಲೆ ಕೂರದೆ ಚಿತ್ರಕ್ಕೆ ಮೂಗು ತಾಗಿಸಿ, ಉಗುರಿನಿಂದ ಕೆರೆದು, “ಏನ್ ಮಸ್ತ್ ಚೊಗರು ರೀ! ಯಾರ ಮನೇದು?” ಎಂದು ವಿಚಾರಿಸಿದರು. ಭಾವನಿಗೆ ಕೋಪವೇ ಬರಲಿಲ್ಲ. ಯಾರ ಮನೆಯದು, ಯಾವ ಹಂಡೆಯದು ಎಂದು ಸಮಾಧಾನವಾಗಿ ಹೇಳಿ ಕಳಿಸಿದರು.

ಮೊದಲ ದಿನ ಸಂಜೆ ಶಾಲೆಯ ಜಗಲಿಯಲ್ಲಿ ಟೀ ಕುಡಿಯುತ್ತಿದ್ದೆವು. ಭಾವ ಮೆಲ್ಲಗೆ ವಿಷಯ ತೆಗೆದರು. ಹನ್ನೊಂದನೇ ಚಿತ್ರಕ್ಕೆ ಅವರು ಮೂರು ತಿಂಗಳು ಹಿಡಿದಿದ್ದರು. ಅದರ ಹೆಸರು ‘ಬಯಲು’. ದಿನವೂ ಧ್ಯಾನದಿಂದ ಎದ್ದು, ಮನಸ್ಸಿನಲ್ಲಿ ಏನೇನೂ ಉಳಿದಿಲ್ಲ ಎನಿಸಿದಾಗ ಮಾತ್ರ ಅದಕ್ಕೆ ಒಂದು ಪದರ ಬಳಿದಿದ್ದರಂತೆ. “ಅದ್ರಾಗೆ ಯಾರಿಗೂ ಏನೂ ಕಾಣಬಾರದು. ಕಾಣಲಿಲ್ಲ ಅಂದ್ರೆ ನನ್ನ ಮನಸ್ಸು ಖಾಲಿಯಾಗೈತೆ ಅಂತ. ಆಮ್ಯಾಲೆ ನಾನು ಮನೆಗೆ ಹೋಗಲ್ಲ. ಒಂದು ಮಠದಾಗೆ ಮಾತಾಡಿ ಇಟ್ಟೀನಿ. ನಿಮ್ಮಕ್ಕನಿಗೆ ನೀನೇ ಹೇಳು,” ಎಂದರು. ಜಗಳ ಮಾಡಿದೆ, ಬೇಡಿಕೊಂಡೆ, ಅಕ್ಕನ ಹೆಸರು ಹಿಡಿದು ಅತ್ತೂಬಿಟ್ಟೆ. ಅವರು ನನ್ನ ಬೆನ್ನು ಸವರಿದರು, ಅಷ್ಟೇ. ಪೆಟ್ಟಿಗೆಯಲ್ಲಿ ಎರಡು ಜೊತೆ ಬಟ್ಟೆ ಆಗಲೇ ತಂದಿದ್ದರು.

ಆ ದಿನದ ನೋಟುಬುಕ್ಕು ತೆಗೆದು ನೋಡಿದೆ. ಉಳಿದ ಚಿತ್ರಗಳಲ್ಲಿ ಜನರಿಗೆ ಮೋಡ, ಹುತ್ತ, ಬೆಂಕಿ, ಲಿಂಗ, ಏನೆಲ್ಲ ಕಂಡಿತ್ತು. ಹನ್ನೊಂದನೆಯದರ ಮುಂದೆ ಕೂತ ಎಲ್ಲರೂ ‘ಏನೂ ಇಲ್ಲ’ ಎಂದೇ ಬರೆಸಿದ್ದರು. ನನಗೂ ಕಂಡದ್ದು ಬರೀ ಕಂದು ಬಣ್ಣ.

ಎರಡನೇ ದಿನ ಬೆಳಗ್ಗೆ ಜಗಳೂರಿನ ಒಬ್ಬ ಅಜ್ಜಿ ಬಂದಳು. ಚನ್ನಗಿರಿಯ ಮಗಳ ಮನೆಗೆ ಹಬ್ಬಕ್ಕೆ ಬಂದವಳು, ಮಗಳೇ ಕರೆತಂದಿದ್ದಳು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಹನ್ನೊಂದನೆಯದರ ಮುಂದೆ ಕೂತು ಸ್ವಲ್ಪ ಹೊತ್ತಿಗೆ ನನ್ನ ಕಡೆ ತಿರುಗಿ, “ಯಾಕಪ್ಪಾ, ಈ ಹೆಣ್ಮಗಳು ಅತ್ತಕಡೆ ಮುಖ ಮಾಡಿ ಕುಂತಾಳೆ?” ಎಂದಳು. ಎಲ್ಲಿ ಅಜ್ಜಿ ಎಂದೆ. “ಅಲ್ಲೇ ಐದಾಳಲ್ಲ. ಅಕ್ಕಿ ಆರಿಸ್ತಾ ಐದಾಳೆ. ಪಾಪ, ಮಾತಾಡಿಸೋರಿಲ್ಲ ಅನ್ನಂಗೆ ಕುಂತಾಳೆ.” ಮಗಳಿಗೆ ಏನೂ ಕಾಣಲಿಲ್ಲ. ವಯಸ್ಸಾದ ಕಣ್ಣು ಎಂದುಕೊಂಡು ಹೇಳಿದ್ದನ್ನು ಹಾಗೆಯೇ ಬರೆದುಕೊಂಡೆ.

ಮೂರನೇ ದಿನ ಮಧ್ಯಾಹ್ನ, ಚೊಗರು ಕೆರೆದು ನೋಡಿದ್ದ ವ್ಯಾಪಾರಿಗಳಲ್ಲಿ ಒಬ್ಬರು ತಿರುಗಿ ಬಂದರು. ದಪ್ಪ ಆಳು, ನೆಲದ ಮೇಲೆ ಕೂರುವುದೇ ಕಷ್ಟ. ಮೊನ್ನೆ ಬರೀ ಬಣ್ಣ ನೋಡಿದೆ, ಇವತ್ತು ಚಿತ್ರ ನೋಡ್ತೀನಿ ಎಂದು ನಗುತ್ತ ಕೂತರು. ಹನ್ನೊಂದನೆಯದರ ಮುಂದೆ ಅವರ ನಗು ನಿಂತಿತು. “ಮೇಷ್ಟ್ರೇ, ಇದು ಯಾರು ರೀ? ಬೆನ್ನು ಮಾಡಿ ಮೊರ ಹಿಡ್ಕೊಂಡು ಕುಂತಿರೋ ಅಮ್ಮ?” ಎಂದರು. ಹಾಲಿನಲ್ಲಿ ನಾವಿಬ್ಬರೇ ಇದ್ದೆವು. ನೋಟುಬುಕ್ಕು ಬೆಳಗಿನಿಂದ ನನ್ನ ಬಗಲಲ್ಲೇ ಇತ್ತು. ಅಜ್ಜಿಯ ಮಾತು ಬರೆದಿದ್ದ ಪುಟ ತೆಗೆದು ಮತ್ತೊಮ್ಮೆ ಓದಿದೆ.

ಸಂಜೆ ಭಾವನಿಗೆ ಎರಡನ್ನೂ ಓದಿ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ಹನ್ನೆರಡನೆಯ ವಯಸ್ಸಿನಿಂದ ನನ್ನನ್ನು ಸಾಕಿದ ಮನುಷ್ಯ ಜೀವನದಲ್ಲಿ ಮೊದಲ ಸಲ ನನ್ನ ಮೇಲೆ ಅಪನಂಬಿಕೆಯ ಮಾತಾಡಿದರು. “ಅಕ್ಕನ ಮ್ಯಾಲಿನ ಪ್ರೀತಿಗೆ ನೀನೇ ಬರ್ಕೊಂಡೀಯ. ತಪ್ಪು ಅನ್ನಲ್ಲ. ಆದ್ರೆ ನನ್ನ ಜೊತೆ ಈ ಆಟ ಬ್ಯಾಡ.” ದೇವರಾಣೆ ಎಂದೆ. ದೇವರನ್ನು ನಂಬದವನ ಆಣೆ ಯಾವ ಲೆಕ್ಕ ಎಂದು ಅವರು ಎದ್ದುಹೋದರು. ನಿಜ ಹೇಳಬೇಕೆಂದರೆ, ಸುಳ್ಳು ಬರೆಯುವ ಯೋಚನೆ ಮೊದಲ ದಿನ ಸಂಜೆ ನನಗೆ ಬಂದಿತ್ತು. ಆದರೆ ಬರೆದಿರಲಿಲ್ಲ. ಬರೆಯಬೇಕಾಗಿಯೇ ಬರಲಿಲ್ಲ.

ನಾಲ್ಕನೇ ದಿನ ಭಾವ ಹನ್ನೊಂದನೇ ಚಿತ್ರದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ನನ್ನನ್ನು ಬಾಗಿಲಿಗೆ ಅಟ್ಟಿ ನೋಟುಬುಕ್ಕನ್ನು ತಾವೇ ಇಟ್ಟುಕೊಂಡರು. ಹನ್ನೊಂದು ಗಂಟೆಯವರೆಗೆ ಬಂದವರಿಗೆಲ್ಲ ಏನೂ ಕಾಣಲಿಲ್ಲ. ಪ್ರತಿ ಸಲವೂ ಭಾವ ನನ್ನ ಕಡೆ ನೋಡುತ್ತಿದ್ದರು. ಅಕ್ಕನಿಗೆ ಏನೆಂದು ಹೇಳಲಿ, ಹೇಗೆ ಹೇಳಲಿ ಎಂದು ನಾನು ಆಗಲೇ ಮಾತು ಜೋಡಿಸತೊಡಗಿದ್ದೆ.

ಆಗ ಒಬ್ಬ ಸಣಕಲು ಮನುಷ್ಯ ಬಂದ. ನ್ಯಾಮತಿಯಲ್ಲಿ ಟೈಲರ್ ಅಂಗಡಿ ಇಟ್ಟವನು, ಗುಂಡಿ ದಾರ ಕೊಳ್ಳಲು ಚನ್ನಗಿರಿಗೆ ಬಂದಿದ್ದ. ಬಸ್ಸಿಗೆ ಇನ್ನೂ ಹೊತ್ತಿದೆ, ಬಿಸಿಲು ಬೇರೆ, ನೆರಳಿಗೆ ಕೂರಬಹುದಾ ಎಂದು ಕೇಳಿ ಒಳಗೆ ಬಂದವನು. ಚಿತ್ರವೆಂದರೆ ಏನು, ಪ್ರದರ್ಶನವೆಂದರೆ ಏನು ಒಂದೂ ಅವನಿಗೆ ಗೊತ್ತಿರಲಿಲ್ಲ. ಖಾಲಿಯಿದ್ದ ಚಾಪೆ ಹನ್ನೊಂದನೆಯದು, ಅಲ್ಲೇ ಕುಕ್ಕರಿಸಿದ. ಸ್ವಲ್ಪ ಹೊತ್ತು ನೋಡಿ, ತನ್ನಷ್ಟಕ್ಕೆ ತಾನೇ ಚ್ಚ್‌ಚ್ಚ್ ಎಂದ. ಏನು ಎಂದು ಭಾವ ಕೇಳಿದರು.

“ಅಲ್ರೀ, ಆಯಮ್ಮನ ರವಿಕೆ ನೋಡ್ರಿ. ಎಡ ಹೆಗಲ ಕೆಳಗೆ ತ್ಯಾಪೆ ಹಾಕ್ಯಾಳೆ. ಹಸಿರು ರವಿಕೆಗೆ ಬಿಳಿ ದಾರ! ದಾರ ಸಿಗಲಿಲ್ಲ ಕಾಣ್ತೈತೆ, ಪಾಪ. ನನ್ನ ಹತ್ರ ತಂದಿದ್ರೆ ಗೊತ್ತಾಗದಂಗೆ ಹಾಕಿಕೊಡ್ತಿದ್ದೆ.”

ನಾನು ಬಾಗಿಲಿನಿಂದ ಓಡಿ ಬಂದು ಅವನ ಹಿಂದೆ ನಿಂತು ನೋಡಿದೆ. ಕಂದು ಬಣ್ಣ. ಹಸಿರೂ ಇಲ್ಲ, ಬಿಳಿಯೂ ಇಲ್ಲ, ಹೆಂಗಸೂ ಇಲ್ಲ. ಭಾವನೂ ಎದ್ದು ನೋಡಿದರು. ಅವರಿಗೂ ಏನೂ ಕಾಣಲಿಲ್ಲವೆಂದು ಆಮೇಲೆ ಹೇಳಿದರು. ಟೈಲರು ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದ. ಭಾವ ನನ್ನ ಭುಜ ಹಿಡಿದು, “ಗಿರಿಜನ ಹತ್ರ ಹಸಿರು ರವಿಕೆ ಐತೇನೋ?” ಎಂದರು. ನನ್ನ ಅಕ್ಕ ದಿನವೂ ಏನು ಉಡುತ್ತಾಳೆಂದು ನಾನು ಯಾವತ್ತು ನೋಡಿದ್ದೆ? “ಇಪ್ಪತ್ತೆರಡು ವರ್ಷದ ಸಂಸಾರ ನಿಮ್ಮದು, ನನ್ನ ಕೇಳ್ತೀರಲ್ಲ,” ಎಂದುಬಿಟ್ಟೆ. ಅವರು ಪೆಟ್ಟಿಗೆಯನ್ನೂ ತೆಗೆದುಕೊಳ್ಳದೆ ಬಸ್‌ಸ್ಟ್ಯಾಂಡಿನ ಕಡೆ ಹೊರಟರು.

ಐದನೇ ದಿನ ನಾನೊಬ್ಬನೇ ಪ್ರದರ್ಶನ ಮುಗಿಸಿ, ಮಾರನೇ ದಿನ ಬೆಳಗ್ಗೆ ಚಿತ್ರಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೊನ್ನಾಳಿಗೆ ಹೋದೆ. ಭಾವ ಬಸ್ಸು ಹತ್ತಿದ್ದು ಮನೆಗೋ ಮಠಕ್ಕೋ ಎಂಬುದು ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ನೋಡಿದರೆ ಭಾವ ಹಿತ್ತಲ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು.

“ಏನು ಮಾಡಿ ಕಳಿಸಿದ್ಯೋ ಇವರಿಗೆ? ಮೊನ್ನೆ ನಾನು ಅಕ್ಕಿ ಆರಿಸ್ತಿದ್ದೆ. ಬಂದೋರು ಚಪ್ಪಲಿನೂ ಬಿಡದೆ ನನ್ನ ಹಿಂದೆ ಬಂದು ನಿಂತ್ರು. ‘ಈ ತ್ಯಾಪೆ ಯಾವಾಗ ಹಾಕ್ದೆ?’ ಅಂದ್ರು. ಯುಗಾದಿ ಹಿಂದ್ಲ ದಿನ ಅಂದೆ. ಅಷ್ಟೇ ನೋಡು, ಅಲ್ಲೇ ಕುಸಿದು ಕುಂತು ಸಣ್ಣ ಮಕ್ಕಳಂಗೆ ಅತ್ರು.” ಹೇಳುತ್ತ ಹೇಳುತ್ತ ಅವಳೂ ಸೆರಗು ಬಾಯಿಗೆ ಒತ್ತಿಕೊಂಡಳು. ಹಗ್ಗದ ಮೇಲೆ ಆ ರವಿಕೆ ಒಣಗುತ್ತಿತ್ತು. ಹೋಗಿ ನೋಡಿದೆ. ಹಸಿರು, ಎಡ ಹೆಗಲ ಕೆಳಗೆ ತೇಪೆ, ಬಿಳಿ ದಾರದ ಕೈಹೊಲಿಗೆ.

ಭಾವ ಮಠಕ್ಕೆ ಹೋಗಲಿಲ್ಲ. ಧ್ಯಾನ ಬಿಡಲಿಲ್ಲ, ಆದರೆ ಅಕ್ಕನ ಜೊತೆ ಕಾಫಿ ಕುಡಿದು, ಎರಡು ಮಾತಾಡಿದ ಮೇಲೆಯೇ ಕೂರುತ್ತಿದ್ದರು. ಆ ಚಿತ್ರವನ್ನು ನನಗೆ ಕೊಟ್ಟರು. ನಾನು ಅದರ ಮುಂದೆ ಕೂತಿದ್ದಕ್ಕೆ ಲೆಕ್ಕವಿಲ್ಲ. ಬೆಳಕು ಬದಲಿಸಿ ನೋಡಿದೆ, ಭೂತಗನ್ನಡಿ ಹಿಡಿದು ನೋಡಿದೆ. ಊರು ಚಿಕ್ಕದು, ಅಜ್ಜಿಯ ಮಾತು ಬಾಯಿಂದ ಬಾಯಿಗೆ ಹೋಗಿ ವ್ಯಾಪಾರಿಯ ಕಿವಿಗೆ ಬಿದ್ದಿರಬಹುದು ಎನ್ನಿ. ಒಪ್ಪುತ್ತೇನೆ. ನ್ಯಾಮತಿಯ ಟೈಲರು ಎಂದೋ ಹೊನ್ನಾಳಿಗೆ ಹೋಗಿ ಅಕ್ಕನನ್ನು ಕಂಡಿರಬಹುದು ಎನ್ನಿ. ಅದನ್ನೂ ಅಕ್ಕನನ್ನು ಕೇಳಿದೆ. ಹರಿದ ರವಿಕೆ ಹಾಕಿಕೊಂಡು ಹೊಸ್ತಿಲು ದಾಟುವಷ್ಟು ಮಾನಗೆಟ್ಟವಳಾ ನಾನು ಎಂದು ಬೈಸಿಕೊಂಡೆ.

ಕೆಲವು ವರ್ಷಗಳ ನಂತರ ಒಂದು ದಿನ ಊಟವಾದ ಮೇಲೆ, ಭಾವನ ಎದುರಿಗೇ ಅಕ್ಕನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಮಠದ ವಿಷಯವನ್ನೂ ಮುಚ್ಚಿಡಲಿಲ್ಲ. ಕೊನೆಗೆ, ಮುಖವನ್ನೇ ಕಾಣದ ಜನರಿಗೆ ನೀನು ಕಾಣಿಸಿಕೊಂಡೆಯಲ್ಲ, ಇದಕ್ಕಿಂತ ವಿಚಿತ್ರ ಇನ್ನೇನಿದೆ ಎಂದೆ. ಅಕ್ಕ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು:

“ಅವರಿಗೆ ಕಂಡಿದ್ದರಾಗೆ ಏನೈತೋ ವಿಚಿತ್ರ? ಇದ್ದೋಳು ಕಂಡೆ. ಮೂರು ತಿಂಗಳು ದಿನಾ ಇವರ ಕಣ್ಣಮುಂದೆ ಕುಂತಿದ್ದೆ, ಇವರಿಗೆ ಕಾಣಲಿಲ್ಲ. ಅದು ಹೆಂಗೆ ಹೇಳು ನೋಡಾನ, ನೀನು ಸೈನ್ಸ್ ಓದಿದೋನು.”

ಭಾವ ತಲೆ ತಗ್ಗಿಸಿ, ಮಡಿಚಿದ ಎಲೆಗಾಗಿ ಅವಳ ಮುಂದೆ ಅಂಗೈ ಚಾಚಿದರು. ಜಗಳೂರಿನ ಅಜ್ಜಿಗೆ ನನ್ನ ಅಕ್ಕ ಹೇಗೆ ಕಂಡಳು ಎಂಬುದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಅಕ್ಕ ಕೇಳಿದ್ದಕ್ಕಂತೂ ಇಲ್ಲವೇ ಇಲ್ಲ.