ಕಂಕುಳಲ್ಲಿ ಕರಗಿದ ಎಣ್ಣೆ

ಮೊನ್ನೆ ಭಾನುವಾರದವರೆಗೆ ನಮ್ಮ ಬಚ್ಚಲುಮನೆಯ ಕಿಟಕಿಯ ದಂಡೆಯಲ್ಲಿ ತೆಂಗಿನೆಣ್ಣೆಯ ಒಂದು ಪುಟ್ಟ ಸೀಸೆ ಇತ್ತು. ಅಂಥದ್ದು ನಿಮ್ಮ ಮನೆಯಲ್ಲೂ ಇರಬಹುದು. ಕರಾವಳಿಯಲ್ಲಿ ಬೆಳೆದವರಿಗೆ ತೆಂಗಿನೆಣ್ಣೆಯೆಂದರೆ ನೀರಿನ ಹಾಗೆ ಹರಿಯುವ ವಸ್ತು; ಅದಕ್ಕೆ ಬೇರೊಂದು ರೂಪ ಇದ್ದೀತೆಂಬ ಸಂಶಯವೇ ನಮಗೆ ಬರುವುದಿಲ್ಲ. ಆದರೆ ಈ ಸೀಸೆ ಹಿಮಾಲಯಕ್ಕೆ ಹೋಗಿ, ಅಲ್ಲಿ ಕಲ್ಲಾಗಿ, ನನ್ನ ಕಂಕುಳಲ್ಲಿ ಪುನಃ ಎಣ್ಣೆಯಾಗಿ ಊರಿಗೆ ಮರಳಿದ್ದು.

ನಾನು ಕಲ್ಲಡ್ಕದಲ್ಲಿ ಪಾತ್ರೆ ಅಂಗಡಿ ಇಟ್ಟವನು. ಸೈಕಲ್ಲಿನ ಹಿಂದೆ ಅಲ್ಯುಮಿನಿಯಂ ಪಾತ್ರೆಗಳನ್ನು ಕಟ್ಟಿಕೊಂಡು ಮನೆಮನೆ ಸುತ್ತಿ ಕಲಿತ ವಿದ್ಯೆ ಒಂದೇ, ಚೌಕಾಸಿ. ಎದುರಿಗಿರುವವರು ಯಾರೇ ಆಗಲಿ, ಮಾತಿನಲ್ಲೇ ಹಿಡಿದು ಅರ್ಧ ದಾರಿಗಾದರೂ ಇಳಿಸಬಲ್ಲೆ. ನನ್ನ ಮಾತಿಗೆ ಜಗ್ಗದ್ದು ನನ್ನ ಮೂಗು ಮಾತ್ರ. ಶಾಲೆಯ ಓಟದ ದಿನ ಗೆರೆಯ ಹಿಂದೆ ನಿಂತಾಗ ಅದು ರಕ್ತ ಸುರಿಸಿತು. ಮದುವೆಯ ದಿನ ಬಿಳಿ ಶಲ್ಯದ ಮೇಲೆ ಸುರಿದು ಪುರೋಹಿತರು ಮಂತ್ರ ಮರೆಯುವ ಹಾಗೆ ಮಾಡಿತು. ಎಲ್ಲಿಗೆ ಹೊರಟರೂ ಮನೆಯವರು ಮೊದಲು ವಿಚಾರಿಸುವುದು ನನ್ನನ್ನಲ್ಲ, ನನ್ನ ಮೂಗನ್ನು. ಐವತ್ತು ದಾಟಿದ ಮೇಲೆ ನನಗೊಂದು ಹಠ ಹುಟ್ಟಿತು. ಒಮ್ಮೆಯಾದರೂ ಈ ಮೂಗಿನ ಅಪ್ಪಣೆ ಕೇಳದೆ ಎಲ್ಲಾದರೂ ಹೋಗಿ ನಿಲ್ಲಬೇಕು. ನಿಲ್ಲುವುದಾದರೆ ಮೂಗಿಗೆ ಸ್ವಲ್ಪವೂ ಹಿಡಿಸದ ಜಾಗದಲ್ಲೇ ನಿಲ್ಲಬೇಕು. ಹಾಗೆ ಆರಿಸಿದ್ದು ಹಿಮಾಲಯದ ಒಂದು ಚಿಕ್ಕ ಶಿಖರ.

ಜೊತೆಗೆ ಹೊರಟವರು ಹೆಂಡತಿಯ ಅಣ್ಣ, ಶಿರ್ತಾಡಿಯ ಸದಾಶಿವ ಭಾವ. ನಿವೃತ್ತ ಮಾಸ್ಟ್ರು, ಉಪದೇಶದಿಂದ ಮಾತ್ರ ಇನ್ನೂ ನಿವೃತ್ತರಾಗಿಲ್ಲ. ತಯಾರಿಗೆಂದು ಇಬ್ಬರೂ ಬೆಳ್ತಂಗಡಿಯ ಗಡಾಯಿಕಲ್ಲನ್ನು ಹಲವು ಸಲ ಹತ್ತಿ ಇಳಿದೆವು. ಬೆವರಲ್ಲದೆ ಬೇರೇನೂ ಸುರಿಯಲಿಲ್ಲವೆಂದು ನಾನು ಬೀಗಿದೆ. ಅಲ್ಲೇ ನಾನು ಎಡವಿದ್ದು. ನಮ್ಮ ಕಡೆಯ ಗಾಳಿ ಒಗೆದು ಹಿಂಡದ ಬಟ್ಟೆಯ ಹಾಗೆ, ಅದರಲ್ಲಿ ಯಾರ ಮೂಗೂ ಒಣಗುವುದಿಲ್ಲ. ಮೇಲಿನ ಗಾಳಿ ತೆಳುವಷ್ಟೇ ಅಲ್ಲ, ಬಿಸಿಲಿಗಿಟ್ಟ ಹಪ್ಪಳದಷ್ಟು ಒಣಕಲು. ಹೊಳ್ಳೆಯ ಒಳಗಿನ ನಯವಾದ ಚರ್ಮ ಅದಕ್ಕೆ ಬಿರಿಯದೆ ಇರುವುದಿಲ್ಲ. ಆದ್ದರಿಂದ ಹತ್ತುವವರು ಮೂಗಿಗೆ ಏನಾದರೂ ಜಿಡ್ಡು ಸವರಿಕೊಳ್ಳಿ, ಬಾಯಾರದಿದ್ದರೂ ನೀರು ಕುಡಿಯಿರಿ. ಇದು ಕೇಳದೆಯೇ ಕೊಟ್ಟ ಸಲಹೆ, ಇಟ್ಟುಕೊಳ್ಳಿ.

ಹಿಮಾಲಯ ಹತ್ತತೊಡಗಿದ ಮೇಲೆ ಸವರಲು ಸೀಸೆ ತೆಗೆದರೆ, ಚಳಿಗೆ ಎಣ್ಣೆ ಅಲುಗುವುದಿಲ್ಲ! ತಲೆಕೆಳಗು ಮಾಡಿದೆ, ಕುಲುಕಿದೆ, ತುಳುವಿನಲ್ಲಿ ಬೈದೆ. ಬಿಳಿ ಕಲ್ಲಿನ ಹಾಗೆ ಕೂತಿತ್ತು. ಕೊನೆಗೆ ಅದನ್ನು ಕಂಕುಳಲ್ಲಿ ಇಟ್ಟು, ತೋಳನ್ನು ಮೈಗೆ ಒತ್ತಿಕೊಂಡು ನಡೆದೆ. ಕೈ ಮುರಿದಿದೆಯೆಂದು ತಿಳಿದ ನಮ್ಮ ತಂಡದ ಮಾರ್ಗದರ್ಶಿ ನನ್ನ ಚೀಲವನ್ನು ತಾನೇ ಹೊತ್ತ. ನನ್ನ ಹರುಕು ಹಿಂದಿಯಲ್ಲಿ, ಒಳಗೆ ತೆಂಗಿನಕಾಯಿ ಮಲಗಿದೆ, ಏಳಿಸುತ್ತಿದ್ದೇನೆ ಎಂದೆ. ಆಮೇಲೆ ಆತ ನನ್ನಿಂದ ಸ್ವಲ್ಪ ದೂರದಲ್ಲೇ ನಡೆದ.

ಎಣ್ಣೆ ಕರಗುವ ಮೊದಲೇ ಮೂಗು ಸುರಿಯಿತು.

"ತಲೆ ಹಿಂದೆ ಮಾಡಿ ಭಾವ, ಆಕಾಶ ನೋಡಿ!" ಎಂದು ಮಾಸ್ಟ್ರು ಮುಖ ತಿರುಗಿಸಿಕೊಂಡು ಕೂಗಿದರು.

"ಆಕಾಶ ನೋಡಿದ್ರೆ ರಕ್ತ ಎಲ್ಲ ಹೊಟ್ಟೆಗೆ ಹೋಗ್ತದೆ ಮಾರಾಯ್ರೆ. ಈ ಮೂಗಿನ ಒಟ್ಟಿಗೆ ಸಂಸಾರ ಮಾಡಿದ್ದು ನಾನಾ, ನೀವಾ?"

ಇದನ್ನೂ ಕೇಳಿಟ್ಟುಕೊಳ್ಳಿ. ಕೂತು ಮುಂದಕ್ಕೆ ಬಾಗಬೇಕು. ಮೂಗಿನ ಎಲುಬಿನ ಕೆಳಗಿನ ಮೆತ್ತಗಿನ ಭಾಗವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ಬಾಯಿಯಲ್ಲಿ ಉಸಿರಾಡುತ್ತ ಹತ್ತು ನಿಮಿಷ ಹಾಗೆಯೇ ಇರಬೇಕು. ಅನ್ನ ಬೆಂದಿತೋ ಎಂದು ನಡುನಡುವೆ ಮುಚ್ಚಳ ತೆಗೆಯುವ ಹಾಗೆ ಬಿಟ್ಟು ಬಿಟ್ಟು ನೋಡಬಾರದು. ಆದರೂ ನಿಲ್ಲದಿದ್ದರೆ ಇಳಿದು ಡಾಕ್ಟರರನ್ನು ಕಾಣಬೇಕು, ಅಲ್ಲಿ ಚೌಕಾಸಿ ಸಲ್ಲದು.

ನನ್ನದು ನಿಂತಿತು. ಆದರೆ ಮಾರ್ಗದರ್ಶಿ ಕಟ್ಟುನಿಟ್ಟಾಗಿ ಹೇಳಿದ: ನಾಳೆ ಶಿಖರದ ದಾರಿಯಲ್ಲಿ ಯಾರ ಮೂಗು ಸುರಿದರೂ ಅವರು ಅಲ್ಲಿಂದಲೇ ಸಹಾಯಕನೊಡನೆ ಕೆಳಗೆ. ಒಂದೇ ಹೊಳ್ಳೆಯಾದರೆ? ಕೆಳಗೆ. ಬರೀ ಹನಿಯಾದರೆ? ಕೆಳಗೆ. ಸೀನುವಾಗ ಮಾತ್ರ ಬಂದರೆ? ಆತ ಗುಡಾರದೊಳಗೆ ಹೋದ.

ಮರುದಿನ ಸೀಸೆ ನನ್ನ ಮೈಶಾಖಕ್ಕೆ ಸೋತಿತ್ತು. ಎರಡೂ ಹೊಳ್ಳೆಗೆ ಧಾರಾಳ ಸವರಿಕೊಂಡೆ. ಭಾವನಿಗೂ ಚಾಚಿದರೆ, "ನನ್ನ ಮೂಗಿಗೆ ಒಗ್ಗರಣೆ ಬೇಡ" ಎಂದು ನಕ್ಕರು. ನಾನು ಹತ್ತಿದೆ, ಮೂಗು ಸುಮ್ಮನಿತ್ತು. ಕೊನೆಯ ಏರು ಕಣ್ಣೆದುರಿಗೇ ಕಂಡಿತು.

"ಭಾವಾ, ನಂದು ಹೋಯ್ತು!"

ತಿರುಗಿ ನೋಡಿದರೆ ಹಿಮದ ಮೇಲೆ ಕೆಂಪು, ಅದರ ಪಕ್ಕದಲ್ಲಿ ಕಣ್ಣುಮುಚ್ಚಿ, ಆಕಾಶಕ್ಕೆ ಮುಖ ಮಾಡಿ ಕೂತ ಮಾಸ್ಟ್ರು. ರಕ್ತ ಕಂಡರೆ ಅವರಿಗೆ ತಲೆ ತಿರುಗುತ್ತದೆಂಬ ಸಂಗತಿ ನನಗೆ ತಿಳಿದದ್ದು ಆಗಲೇ. ದಪ್ಪ ಕೈಗವಸು ತೊಟ್ಟೇ ಮೂಗಿನ ಎಲುಬನ್ನು ಹಿಸುಕುತ್ತಿದ್ದರು. ನಾನು ನನ್ನ ಕೈಗವಸು ಕಿತ್ತು, ಅವರ ತಲೆ ಬಗ್ಗಿಸಿ, ಮೂಗು ಹಿಡಿದು ಕೂತೆ. ಮಾರ್ಗದರ್ಶಿ ಕರೆದ: ಶಿಖರ ಇಲ್ಲೇ, ನೀವು ಬನ್ನಿ, ಅವರನ್ನು ಸಹಾಯಕ ನೋಡಿಕೊಳ್ಳುತ್ತಾನೆ.

"ದೀವು ಹೋಗಿ ಭಾವ, ದದಗೆಂತ ಆಗುದಿಲ್ಲ" ಎಂದರು ಅವರು, ಹಿಡಿದ ಮೂಗಿನಿಂದ. ಬಾಯಿ ಹಾಗೆ ಹೇಳುತ್ತಿದ್ದಾಗ ಅವರ ಕೈ ನನ್ನ ಕೋಟಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

ನೋಡಿ, ವ್ಯಾಪಾರದಲ್ಲಿ ಇಷ್ಟು ವರ್ಷ ಕಳೆದವನಿಗೆ ಗಿರಾಕಿಯ ಬಾಯಿ ಒಂದು ಹೇಳಿ ಕೈ ಇನ್ನೊಂದು ಹೇಳಿದಾಗ ಯಾವುದನ್ನು ನಂಬಬೇಕೆಂದು ಯಾರೂ ಕಲಿಸಬೇಕಾಗಿಲ್ಲ. ಉಳಿದವರು ಹತ್ತಿಹೋದರು. ನನ್ನ ಮೂಗು ಜೀವಮಾನದಲ್ಲೇ ಮೊದಲ ಸಲ ಹೋಗು ಎಂದು ದಾರಿ ಬಿಟ್ಟಿತ್ತು, ಸಲೀಸಾಗಿ ಉಸಿರಾಡುತ್ತಿತ್ತು. ನನ್ನ ಬೆರಳುಗಳು ಮಾತ್ರ ಇನ್ನೊಬ್ಬರ ಮೂಗಿಗೆ ಸಿಕ್ಕಿಬಿದ್ದಿದ್ದವು. ಇಷ್ಟು ಕಾಲ ನನ್ನನ್ನು ತಡೆಹಿಡಿದದ್ದು ನನ್ನದೇ ಮೂಗೆಂದು ಅದರೊಡನೆ ಜಗಳವಾಡಿದ್ದೆ. ಶಿಖರದ ಬುಡದಲ್ಲಿ ಕೂತು ಭಾವನ ಮೂಗು ಹಿಡಿದಾಗ, ಯಾರ ಮೂಗಾದರೇನು, ಹಿಡಿಯುವವನೊಬ್ಬ ಪಕ್ಕದಲ್ಲಿರಬೇಕು ಎಂದು ತೋರಿತು. ಹಾಗೆ ತೋರಿದರೂ ಶಿಖರವನ್ನು ನೋಡಿ ಹೊಟ್ಟೆ ಉರಿಯಲಿಲ್ಲವೆಂದು ಸುಳ್ಳು ಹೇಳುವುದಿಲ್ಲ.

ರಕ್ತ ನಿಂತ ಮೇಲೆ ಇಬ್ಬರೂ ಇಳಿದೆವು.

ಮೊನ್ನೆ ಭಾನುವಾರ ಊಟಕ್ಕೆ ಬಂದ ಭಾವ ಕೈ ತೊಳೆಯಲು ಹೋದವರು ಆ ಸೀಸೆಯನ್ನು ಹಿಡಿದುಕೊಂಡೇ ಹೊರಬಂದರು. "ಇದು ನನಗಿರ್ಲಿ. ಮುಂದಿನ ವರ್ಷ ಪುನಃ ಹೋಗುವ."

"ಸುಮ್ಮನೆ ಕೊಡ್ಲಿಕ್ಕಾಗುದಿಲ್ಲ. ನಂದು ಸುರಿದ್ರೆ ನೀವು ಹಿಡಿಯಬೇಕು. ರಕ್ತ ನೋಡಿ ಬೀಳ್ಲಿಕ್ಕಿಲ್ಲ."

"ಕಣ್ಣು ಮುಚ್ಚಿ ಹಿಡಿಯಬಹುದಾ?"

"ಎಲ್ಲಿ, ಒಮ್ಮೆ ತೋರಿಸಿ."

ಅವರು ಕಣ್ಣು ಮುಚ್ಚಿ, ಕೈ ಚಾಚಿ ತಡಕಾಡಿ, ನನ್ನ ಮೂಗು ಹಿಡಿದರು. ಪಲ್ಯದ ಪಾತ್ರೆಯೊಂದಿಗೆ ಅಡಿಗೆಮನೆಯಿಂದ ಬಂದ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು.

"ಸ್ವಲ್ಪ ಕೆಳಗೆ, ಭಾವ" ಎಂದೆ.

ಬೆರಳು ಕೆಳಗೆ ಸರಿದು ಸರಿಯಾದ ಜಾಗದಲ್ಲಿ ಕೂತಿತು. ಅವರ ಇನ್ನೊಂದು ಕೈಯಲ್ಲಿದ್ದ ಸೀಸೆಯೊಳಗೆ ಎಣ್ಣೆ, ಊರಿನ ಸೆಕೆಗೆ, ತಾನೆಂದೂ ಕಲ್ಲಾದದ್ದೇ ಇಲ್ಲವೆನ್ನುವ ಹಾಗೆ ಹರಿದಾಡುತ್ತಿತ್ತು.