ಕೈ ಕಳಿಸುವ ಸುದ್ದಿ

೨೦೦೬, ಜುಲೈ ಕೊನೆಯ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಬೇಲೆಕೇರಿಯಲ್ಲಿ ದೇವುವಿನ ಮನೆಯ ಜಗಲಿ. ಹಾಜರಿದ್ದವರು ಮೂವರು: ಅರವತ್ತು ದಾಟಿದ ಮೀನುಗಾರ ದೇವು, ಅವನ ಹೆಂಡತಿ ಸೋಮಿ, ಅಂಕೋಲೆಯ ಶಾಲೆಯಲ್ಲಿ ಮೂವತ್ತು ವರ್ಷ ಡ್ರಿಲ್ ಮಾಡಿಸಿ ನಿವೃತ್ತನಾದ, ದೇವುವಿನ ಗೆಳೆಯ ನಾನು. ದೇವುವಿನ ಬಲಗೈಗೆ ನನ್ನ ಉಣ್ಣೆಯ ಕಾಲುಚೀಲ.

ಅದನ್ನು ತೊಡಿಸಿದವನೂ ನಾನೇ. ಬೇಸಗೆಯಲ್ಲಿ ಲಕ್ವ ಹೊಡೆದು ಕೈ ಮರಗಟ್ಟಿದ ಮೇಲೆ, ಮಳೆಗಾಳಿಯ ಥಂಡಿ ತಾಗದಿರಲೆಂದು ಎಣ್ಣೆ ಹಚ್ಚಿ, ಸುತ್ತಿ, ದಿನವೂ ಏಳಕ್ಕೆ ಸರಿಯಾಗಿ "ಒಂದು, ಎರಡು" ಎಂದು ಅಪ್ಪಣೆ ಕೊಡುತ್ತಿದ್ದೆ. ನೂರು ಮಕ್ಕಳ ಕೈಗಳನ್ನು ಒಟ್ಟಿಗೆ ಎತ್ತಿಸಿದ ನನ್ನ ದನಿಗೆ ಈ ಒಂದು ಕೈ ಜಗ್ಗಲಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ನೀರಿಗಿಳಿಯುವುದರೊಳಗೆ ದೇವು ಬಲೆಯ ಗಂಟು ಹಾಕುವಂತಾಗದಿದ್ದರೆ ಅವನ ಜಾಗಕ್ಕೆ ಬೇರೆಯವರು ಹತ್ತುತ್ತಾರೆ. ಅದು ಮೂವರಿಗೂ ಗೊತ್ತಿತ್ತು.

ಹಿಂದಿನ ದಿನ ಕಾರವಾರದ ಆಸ್ಪತ್ರೆಯಲ್ಲಿ, ಇಂಥ ಕೈಗಳಿಗೆ ವ್ಯಾಯಾಮ ಕಲಿಸುವ ಹೆಣ್ಣುಮಗಳೊಬ್ಬಳು ಕಾಲುಚೀಲ ಕಂಡು ನಕ್ಕಳು. ದೇವುವಿನ ಮಣಿಕಟ್ಟಿಗೆ ಎರಡು ಬಿಲ್ಲೆ ಅಂಟಿಸಿ, ಇರುವೆ ಹರಿದಷ್ಟು ಮೆಲ್ಲಗೆ ವಿದ್ಯುತ್ತು ಹಾಯಿಸಿದಳು. ಬೆರಳು ಕದಲಲಿಲ್ಲ, ಕದಲಿಸುವುದು ಅವಳ ಉದ್ದೇಶವೂ ಅಲ್ಲವಂತೆ.

"ಮುಟ್ಟಿದ್ದರ ಸುದ್ದಿ ನರದಲ್ಲಿ ಮೇಲೆ ಹೋಗ್ತಾ ಇದ್ರೆ, ಮಿದುಳಲ್ಲಿ ಕೈ ಆಡಿಸೋ ಜಾಗ ಎಚ್ಚರ ಆಗ್ತದೆ. ಕೆಲಸ ಆಮೇಲೆ ಹೇಳಿ, ಮಾಸ್ತರೆ. ನೀವು ಸುದ್ದಿಯ ಬಾಗಿಲು ಮುಚ್ಚಿ ಅಪ್ಪಣೆ ಕೊಡ್ತಿದ್ರಿ."

ಗೆಳೆಯರೇ, ಬಸ್ಸು ಅಂಕೋಲೆ ತಲುಪುವವರೆಗೆ ಸಮುದ್ರ ಕಿಟಕಿಯಲ್ಲಿ ಕಾಣುತ್ತ, ಮರೆಯಾಗುತ್ತ ಜೊತೆಗೆ ಬಂತು. ನಾನು ಕನಸಿನಲ್ಲಿರುವವನಂತೆ ನನ್ನದೇ ಬೆರಳುಗಳನ್ನು ನೋಡುತ್ತ ಕೂತೆ. ಅಂಗಿ ತೊಡುವಾಗ ಗುಂಡಿಯೇ ಬೆರಳಿಗೆ ದಾರಿ ಹೇಳುತ್ತದಲ್ಲವೇ? ಕಾಣದ ಮೆಟ್ಟಿಲಿಳಿಯುವ ಪಾದಕ್ಕೆ ನೆಲವೇ ಧೈರ್ಯ ಕೊಡುತ್ತದೆ. ತಲೆಯೊಳಗೆ ಒಬ್ಬ ಹೆಡ್‌ಮಾಸ್ತರ ಕೂತು ಆಜ್ಞೆಗಳನ್ನು ಕೆಳಗಿಳಿಸುತ್ತಾನೆಂದು ಇಷ್ಟು ಕಾಲ ನಂಬಿದ್ದೆ. ಅವನೋ, ಚರ್ಮದ ದಡಕ್ಕೆ ತಾಗುವ ಪ್ರತಿ ಅಲೆಗೂ ಕಿವಿಗೊಟ್ಟು, ಅಲೆ ನಿಂತೊಡನೆ ತೂಕಡಿಸುವವನು. ನಮ್ಮ ಚಲನೆಯೆಲ್ಲ, ಲೋಕ ನಮ್ಮನ್ನು ಮುಟ್ಟಿದ್ದಕ್ಕೆ ನಾವು ಕೊಡುವ ಉತ್ತರವೇ ಇರಬಹುದು.

ಆ ಭಾನುವಾರ ನಾನು ಎಣಿಸಲಿಲ್ಲ. ಕಾಲುಚೀಲ ಕಳಚಿದೆ. ಸೋಮಿ ಅವನ ಅಂಗೈಯನ್ನು ಕಡಲದಂಡೆಯ ಒದ್ದೆ ಹೊಯ್ಗೆಯಲ್ಲಿ ಉಜ್ಜಿದಳು, ಹುರಿಹಗ್ಗದ ಮೇಲೆ ಎಳೆದಳು, ಬಲೆಯ ನೂಲನ್ನು ಬೆರಳುಗಳ ನಡುವೆ ಹಿಂದೆ ಮುಂದೆ ಆಡಿಸಿದಳು.

"ಎಂತಾದ್ರೂ ಗೊತ್ತಾಗ್ತದ್ಯಾ?"

"ಹೆಂಡ್ತಿ ಕೈ ಒರಟು ಅಂತ ಗೊತ್ತಾಗ್ತದೆ."

"ನಲ್ವತ್ತು ವರ್ಸಕ್ಕೆ ಈಗ ಗೊತ್ತಾಯ್ತಾ ನಿಮ್ಗೆ!" ಎಂದು ಇನ್ನಷ್ಟು ಜೋರಾಗಿ ಉಜ್ಜಿದಳು.

ದೇವು ಬಲೆಯಂಚನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿದ. ಬಲಗೈಗೆ ಬಲೆಸೂಜಿ ಕೊಟ್ಟೆವು; ನೂಲು ಆಡಿದ ಬೆರಳುಗಳು ಮೆಲ್ಲಗೆ ಅದರ ಸುತ್ತ ಮಡಚಿದವು. ಕಣ್ಣು ಮುಚ್ಚಿದ. ಇಲ್ಲಿಯವರು ಗಂಟನ್ನು ನೋಡಿ ಹಾಕುವುದಿಲ್ಲ. ಹತ್ತೂವರೆಗೆ ಒಂದು ಗಂಟು ಬಿತ್ತು, ಸಡಿಲ. ಸೋಮಿ ಉಗುರಿನಲ್ಲಿ ಜಗ್ಗಿ ಬಿಚ್ಚಿದಳು. ಎರಡನೆಯದನ್ನೂ ಬಿಚ್ಚಿದಳು.

"ಇರಲಿ ಬಿಡೇ," ಎಂದೆ.

"ಮೀನು ಇರಲಿ ಬಿಡು ಅಂಬೂದಿಲ್ಲ, ಮಾಸ್ತರೆ."

ಐದನೆಯದು ಬೀಳುವಾಗ ಊಟದ ಹೊತ್ತಾಗಿತ್ತು. ಅವಳು ಎಳೆದಳು. ಮತ್ತೊಮ್ಮೆ, ಹಲ್ಲು ಕಚ್ಚಿ ಎಳೆದಳು. ಆಮೇಲೆ ಅವನ ಕೈಯಿಂದ ಸೂಜಿ ತೆಗೆದುಕೊಂಡು, ಆ ಗಂಟಿಗೇ ನೂಲು ಸೇರಿಸಿ ಬಲೆಯ ಮುಂದಿನ ಕಣ್ಣನ್ನು ಕಟ್ಟಿ ಮುಗಿಸಿದಳು.