ಗೋಲು ಕಾಯುವ ಒನೆಸಿಮ್

ನಮ್ಮ ಬೆಳ್ಳಿಗಣಿ ಊರಿನ ಐಸ್ ಹಾಕಿ ತಂಡಕ್ಕೆ ಹನ್ನೊಂದು ಚಳಿಗಾಲ ಗೋಲು ಕಾದವನು ಒನೆಸಿಮ್ ಗೋವ್ರೋ. ಸಂಬಳಕ್ಕೆ ಆಡುವುದು ಆಗಿನ್ನೂ ಹೊಸತು. "ನಮ್ಮ ಅಳಿಯಂಗೆ ಸುಮ್ನೆ ನಿಂತ್ಕೊಳ್ಳೋಕೂ ದುಡ್ಡು ಕೊಡ್ತಾರೆ ಕಣ್ರೀ!" ಎಂದು ಅವನ ಅತ್ತೆ ಬೀದಿಯಲ್ಲೆಲ್ಲ ಹೇಳಿ ನಗುತ್ತಿದ್ದಳು. ಮಾತು ನಿಜವೇ, ಗೋಲು ಕಾಯುವವನು ಆಗ ನಿಂತೇ ಇರಬೇಕಿತ್ತು, ಮಂಡಿಯೂರಿದರೆ ದಂಡ ಬೀಳುತ್ತಿತ್ತು. ಎರಡು ಬಟ್ಟಲು ಬಟಾಣಿ ಸಾರು ಕುಡಿದು, ಕಾಲಿಗೆ ಪ್ಯಾಡು ಬಿಗಿದು, ಗೋಲಿನ ಕಂಬಗಳಿಗೆ "ಹುಷಾರು ಕಣ್ರೋ" ಎಂದು ಹೇಳಿ ನಿಂತನೆಂದರೆ, ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ ಮುಖಕ್ಕೆ ಬಡಿದರೂ ಅವನು ಜಗ್ಗುತ್ತಿರಲಿಲ್ಲ. ಮೂಗು ನಾಲ್ಕು ಸಲ ಮುರಿದಿತ್ತು. "ಪ್ರತಿ ಸಲಾನೂ ಒಂಚೂರು ನೆಟ್ಟಗಾಗ್ತಾ ಇದೆ" ಎನ್ನುತ್ತಿದ್ದ. ಒಂದು ವರ್ಷ ಕಪ್ಪಿನ ಕೊನೆಯ ಪಂದ್ಯದಲ್ಲಿ, ಎರಡೂ ತಂಡ ಸರಿಸಮವಾಗಿದ್ದಾಗ, ಎದುರು ತಂಡದ ಮರ್ಡೋ ಅವನ ಕಾಲಬುಡದಲ್ಲೇ ಬಿದ್ದ. ನಾಲ್ಕೈದು ಜನರ ಬೂಟಿನ ಉಕ್ಕಿನ ಅಲಗುಗಳು ಮರ್ಡೋನ ಮುಖದತ್ತಲೇ ನುಗ್ಗುತ್ತಿದ್ದವು. ಒನೆಸಿಮ್ ಮಂಡಿಯೂರಿ ಅವನ ಮೇಲೆ ಕವುಚಿಕೊಂಡ. ಬಿಲ್ಲೆ ಪಕ್ಕದಿಂದ ಒಳಗೆ ಹೋಯಿತು, ಕಪ್ಪೂ ಹೋಯಿತು. ಊರು ತಿಂಗಳಿಡೀ ಬೈಯಿತು. ಅವನಿಗೆ ಕ್ಷೌರ ಮಾಡುತ್ತಾ ನಾನೂ ಕೇಳಿಯೇಬಿಟ್ಟೆ: "ಅವನೇನು ನಿನ್ನ ಷಡ್ಡಕನೇನೋ ಮಾರಾಯ?" ನೊರೆ ಮೆತ್ತಿದ ಗಲ್ಲದಲ್ಲೇ ನಕ್ಕು, "ಅಲ್ಲ ಕಣೋ, ಮುಖಕ್ಕೆ ಬಿದ್ರೆ ಹ್ಯಾಗಿರುತ್ತೆ ಅಂತ ನಂಗೊತ್ತಲ್ಲ" ಎಂದ. ಮುಂದಿನ ಚಳಿಗಾಲ ಮರ್ಡೋನ ತಂಡ ನಮ್ಮಲ್ಲಿಗೆ ಆಡಲು ಬಂತು, ಜೊತೆಗೆ ಆಟ ನೋಡಲು ಅವನ ಊರಿನವರೂ ಬಂದರು. ಒನೆಸಿಮ್ ಮಂಜುಗಡ್ಡೆಯ ಅಂಗಳಕ್ಕೆ ಇಳಿದಾಗ ಅವರೆಲ್ಲ ಟೋಪಿ ತೆಗೆದು ಎದ್ದು ನಿಂತರು. ನಮ್ಮವರು ಮುಖ ಮುಖ ನೋಡಿಕೊಂಡು, ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಒನೆಸಿಮ್ ಎಷ್ಟು ಕಕ್ಕಾಬಿಕ್ಕಿಯಾದನೆಂದರೆ, ಮೊದಲು ಬಂದ ಬಿಲ್ಲೆಯನ್ನೇ ಒಳಗೆ ಬಿಟ್ಟುಬಿಟ್ಟ. ಅವತ್ತು ಯಾರೂ ಬೈಯಲಿಲ್ಲ.